ಗೊಂಬೆ ತೊಟ್ಟ ಖಾಕಿ

ಇಸ್ತ್ರಿಪೆಟ್ಟಿಗೆ ಕಳುವಾದಂದಿನಿಂದ ದರ್ಜಿಗೆ ಹೊಲಿಗೆ ಯಂತ್ರದ್ದೇ ಚಿಂತೆ. ಅದೂ ಹೋದರೆ ಅಂಗಡಿಯಲ್ಲಿ ಉಳಿಯುವವನು ಅವನೊಬ್ಬನೇ. ಅವನನ್ನು ಹೊತ್ತೊಯ್ಯುವಷ್ಟು ದಡ್ಡ ಕಳ್ಳ ಆ ಊರಲ್ಲಿರಲಿಲ್ಲ. ಆ ಬೀದಿಗೆ ಪೊಲೀಸರು ಬರುತ್ತಿದ್ದುದು ದಾರಿ ತಪ್ಪಿದಾಗ ಮಾತ್ರ.

ಆ ಬೆಳಿಗ್ಗೆ ಅವನು ಅಂಗಡಿ ಮುಂದಿನ ಗೊಂಬೆಗೆ ಒಂದು ಜೊತೆ ಖಾಕಿ ತೊಡಿಸಿದ. ಯಾರೋ ಅಜ್ಜಿ ಮಗನಿಗೆಂದು ಬಟ್ಟೆ, ಅಳತೆ ಕೊಟ್ಟು ಹೋಗಿದ್ದರು. ಆಕೆ ಬಂದಾಗಲೆಲ್ಲ ಅವನದು ಒಂದೇ ಮಂತ್ರ: "ನಾಳೆ ಬನ್ನಿ." ಅಂತೂ ಇಂತೂ ಒಂದು ಗುಂಡಿ ಬಿಟ್ಟು ಎಲ್ಲ ಮುಗಿದಿತ್ತು.

ಗಾಳಿಯಂತೆ ಬಂದ ಬೈಕಿನವನು ಖಾಕಿ ಕಂಡವನೇ ಇಳಿದು ಬೈಕು ತಳ್ಳಿಕೊಂಡು ಹೋದ. ಜಾಗಕ್ಕಾಗಿ ಕಿತ್ತಾಡುತ್ತಿದ್ದ ಇಬ್ಬರು ಪರಸ್ಪರ ಆರೋಗ್ಯ ವಿಚಾರಿಸಿಕೊಂಡರು. ಎದುರಂಗಡಿಯ ಕ್ಷೌರಿಕ ಓಡಿಬಂದ.

"ಅಣ್ಣಾ, ಇದನ್ನ ಬಿಚ್ಚಬೇಡ!"

"ಗುಂಡಿ ಹಾಕ್ಬೇಕಲ್ಲೋ."

"ನಾಳೆ ಹಾಕು. ನಿನಗೇನು ಹೊಸದಾ?"

ಕ್ಷೌರಿಕ ಉದುರಿದ ಕೂದಲಲ್ಲೇ ಮೀಸೆ ಅಂಟಿಸಿದ. ನಿವೃತ್ತ ಹೆಡ್‌ಮಾಸ್ಟರು ತಮ್ಮ ಹಳೆಯ ಬೆತ್ತ ದಾನ ಮಾಡಿದರು. ಮಧ್ಯಾಹ್ನ ಅದೇ ಬೀದಿಯ ಕಣ್ಣು ಮಂಜಾದ ಮುದುಕಿಯೊಬ್ಬಳು ಪಕ್ಕದ ಮನೆ ನಾಯಿಯ ಮೇಲೆ ಗೊಂಬೆಗೆ ದೂರು ಹೇಳಿ, "ಒಳ್ಳೇ ಮನುಷ್ಯ. ಮಧ್ಯೆ ಬಾಯಿ ಹಾಕ್ಲಿಲ್ಲ" ಎಂದು ತೃಪ್ತಿಯಿಂದ ಹೋದಳು. ಕಳುವಾದ ಮೇಲೆ ಮೊದಲ ಬಾರಿಗೆ ದರ್ಜಿ ನೆಮ್ಮದಿಯಾಗಿ ತೂಕಡಿಸಿದ.

ಎಚ್ಚರವಾದಾಗ ಸಾದಾ ಬಟ್ಟೆಯ ದಪ್ಪ ಮನುಷ್ಯನೊಬ್ಬ ಗೊಂಬೆಯ ಅಂಗಿ ಬಿಚ್ಚುತ್ತಿದ್ದ.

"ಕಳ್ಳ! ಪೊಲೀಸನ್ನೇ ಕದೀತಿದ್ದಾನೆ!" ದರ್ಜಿ ಕೂಗಿದ್ದೇ ತಡ, ಕ್ಷೌರಿಕ ಅವನ ಸೊಂಟ ಹಿಡಿದ, ಹೆಡ್‌ಮಾಸ್ಟರು ಕಿವಿ ಹಿಡಿದರು.

"ಬಿಡ್ರೀ! ಈ ಬೀದಿಗೆ ಹಾಕಿರೋ ಪೇದೆ ನಾನೇ! ಹಳೇ ಖಾಕಿ ಹೊಟ್ಟೆಗೆ ಹಿಡಿಸ್ತಿಲ್ಲ. ಹೊಸದು ಬರೋ ತನಕ ಠಾಣೇಲೇ ಕೂತಿರು ಅಂದ್ರು ಸಾಹೇಬ್ರು. ನಮ್ಮಮ್ಮ ಬಂದಾಗಲೆಲ್ಲ ಇವರು ನಾಳೆ ಬನ್ನಿ ಅಂತಾರಂತೆ!"

ಹೆಡ್‌ಮಾಸ್ಟರು ಪೇದೆಯ ಕಿವಿ ಬಿಟ್ಟು ದರ್ಜಿಯ ಕಡೆ ತಿರುಗಿದರು. ಬೀದಿಗೆ ಬರಬೇಕಿದ್ದ ಪೊಲೀಸನ್ನು ಇಷ್ಟು ದಿನ ಅವನೇ ಕಪಾಟಿನಲ್ಲಿ ಮಡಿಸಿಟ್ಟಿದ್ದ. ಇಸ್ತ್ರಿಪೆಟ್ಟಿಗೆ ಹೋದದ್ದೂ ಆ ದಿನಗಳಲ್ಲೇ.

ದರ್ಜಿ ಗುಂಡಿಯನ್ನು ನಿಂತ ನಿಲುವಿನಲ್ಲೇ ಹಾಕಿದ. ಖಾಕಿ ತೊಟ್ಟು ಹೊರಬಂದ ಪೇದೆ ಬೀದಿಯ ಉದ್ದಗಲ ನೋಡಿ, "ಇನ್ನು ದಿನಾ ಬರ್ತೀನಿ. ಹೆದರ್ಕೋಬೇಡಿ" ಎಂದ. ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಸದ್ಯ, ಯಂತ್ರ ಉಳಿಯಿತು ಎಂದು ದರ್ಜಿಗೆ ಕಣ್ಣು ತುಂಬಿ ಬಂತು.

"ಯಾರದ್ದಾದ್ರೂ ದೂರು ಇದೆಯಾ?"

"ನನ್ನ ಪ್ಯಾಂಟು ಸಿಕ್ತಿಲ್ಲ ಸಾರ್," ಎಂದ ಕ್ಷೌರಿಕ.

"ನನ್ನ ಕೋಟು," ಎಂದರು ಹೆಡ್‌ಮಾಸ್ಟರು.

"ನನ್ನ ಮೊಮ್ಮಗಳ ಫ್ರಾಕು," ಎಂದಳು ಮುದುಕಿ, ಈ ಸಲ ಸರಿಯಾದ ಪೊಲೀಸಿಗೇ.

"ಯಾರ ಮೇಲೆ ಅನುಮಾನ?"

ಬೆರಳುಗಳೆಲ್ಲ ಒಂದೇ ಕಡೆ ತಿರುಗಿದವು. ಪೇದೆ ಸ್ಟೂಲು ಎಳೆದುಕೊಂಡು ಅಂಗಡಿ ಬಾಗಿಲಲ್ಲೇ ಕೂತ. ದರ್ಜಿ "ನಾಳೆ..." ಎನ್ನಲು ಬಾಯಿ ತೆರೆದವನು, ತಾನೇ ಹೊಲಿದ ಖಾಕಿಯನ್ನೊಮ್ಮೆ ನೋಡಿ, ತೆಪ್ಪಗೆ ಯಂತ್ರ ತುಳಿಯತೊಡಗಿದ.