ಮಾಮಾನ ಅರಿಶಿನ ಕಾಗದ

ನಮ್ಮ ಮಾಮಾ ಈ ಜಗತ್ತಿನಲ್ಲಿ ಯಾರನ್ನೂ ನಂಬುವುದಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ. ಇದು ಶುದ್ಧ ಅಪಪ್ರಚಾರ. ಅವರು ಎಲ್ಲರನ್ನೂ ನಂಬುತ್ತಾರೆ, ಬಿಸಿಲಿಗೆ ಹಿಡಿದು ನೋಡಿದ ಮೇಲೆ!

ಮಾಮಾ ಎಂದರೆ ನನ್ನ ಅವ್ವನ ತಮ್ಮ. ಶಿಗ್ಗಾವಿಯಲ್ಲಿ ನೋಂದಣಿ ಕಚೇರಿಯ ಎದುರು ಒಂದು ಮೇಜು, ಒಂದು ಕುರ್ಚಿ ಹಾಕಿಕೊಂಡು ಬಾಂಡು ಬರೆಯುವವರು. ಹೊಲ ಕೊಟ್ಟವರು, ಕೊಂಡವರು, ಪಾಲು ಮಾಡಿಕೊಂಡ ಅಣ್ಣತಮ್ಮಂದಿರು, ಎಲ್ಲರಿಗೂ ಅವರ ಅಕ್ಷರವೇ ಬೇಕು. ಅಕ್ಷರ ಮುತ್ತಿನ ಹಾಗಿದೆ, ಸುಳ್ಳಲ್ಲ. ಆದರೆ ಅವಸರ ಇದ್ದವರು ಅವರ ಹತ್ತಿರ ಹೋಗಬಾರದು. ನೀವು ತಂದ ಛಾಪಾ ಕಾಗದವನ್ನು ಮಾಮಾ ಮೊದಲು ಸೂರ್ಯನಿಗೆ ತೋರಿಸುತ್ತಾರೆ. ಒಳಗಿನ ನೀರುಗುರುತು ಹುಡುಕುತ್ತಾರೆ. ಹೆಬ್ಬೆರಳಿನಿಂದ ಸವರುತ್ತಾರೆ. ಕಿವಿಯ ಹತ್ತಿರ ಹಿಡಿದು ಫಟ್ ಎಂದು ಜಾಡಿಸಿ ಸಪ್ಪಳ ಕೇಳುತ್ತಾರೆ. ಆಮೇಲೆ ತಲೆ ಎತ್ತಿ ನಿಮ್ಮ ಮುಖ ನೋಡುತ್ತಾರೆ. ಅಷ್ಟು ಹೊತ್ತಿಗೆ ನಿಮಗೇ ನಿಮ್ಮ ಮೇಲೆ ಅನುಮಾನ ಬಂದಿರುತ್ತದೆ.

ಕಚೇರಿಯ ಚಟವನ್ನು ಕಚೇರಿಯಲ್ಲೇ ಬಿಟ್ಟು ಬಂದಿದ್ದರೆ ನಾನು ಈ ಪ್ರಬಂಧ ಬರೆಯುತ್ತಲೇ ಇರಲಿಲ್ಲ. ಬಸ್ಸಿನ ಟಿಕೀಟು, ಔಷಧದ ಚೀಟಿ, ಮಗನ ಅಂಕಪಟ್ಟಿ, ಮಠದಿಂದ ಬಂದ ವಿಭೂತಿಯ ಪೊಟ್ಟಣ, ಎಲ್ಲವೂ ಬೆಳಕಿಗೆ ಹೋಗಿಯೇ ಬರಬೇಕು. ಒಮ್ಮೆ ಅತ್ತೆ ತೆಳ್ಳಗೆ ಬಡಿದ ಜೋಳದ ರೊಟ್ಟಿಯನ್ನು ಕಿಟಕಿಗೆ ಹಿಡಿದು ನೋಡುತ್ತ ಕೂತರು. ಅತ್ತೆ ಒಲೆಯ ಮುಂದಿನಿಂದ ಏಳದೇ, "ಅಸಲ ಐತಿ, ತಿನ್ರಿ. ನಕಲಿ ಬೇಕಂದ್ರ ಖಾನಾವಳಿಗೆ ಹೋಗ್ರಿ" ಎಂದರು. ಮಾಮಾ ತಿಂದರು. ಅತ್ತೆಯ ಮಾತನ್ನು ಮಾತ್ರ ಅವರು ಯಾವತ್ತೂ ಬೆಳಕಿಗೆ ಹಿಡಿದು ನೋಡಿದವರಲ್ಲ, ಅಷ್ಟು ಬುದ್ಧಿ ಇದೆ.

ಹುಬ್ಬಳ್ಳಿಯ ಪರಿಚಯದ ಮುದ್ರಣದವರೊಬ್ಬರು ಅಂಗಡಿ ಮುಚ್ಚುವಾಗ, ಉಳಿದಿದ್ದ ಭದ್ರತಾ ಕಾಗದದ ಕಟ್ಟೊಂದನ್ನು ಮಾಮಾನ ಕೈಗೆ ಹಾಕಿದರು. ಪ್ರಮಾಣಪತ್ರಗಳಿಗೆ ಬಳಸುವ ಕಾಗದ ಅದು. ಕಣ್ಣಿಗೆ ತೆಳು ಬೂದು ಬಣ್ಣ, ಬೇರೇನೂ ಕಾಣುವುದಿಲ್ಲ. ಆದರೆ ಸಣ್ಣ ಚುಕ್ಕಿಗಳಲ್ಲಿ ಒಂದು ಪದ ಒಳಗೇ ಅಡಗಿ ಕೂತಿರುತ್ತದೆ. ಝೆರಾಕ್ಸ್ ಮಾಡಿದಿರೋ, ಪ್ರತಿಯ ತುಂಬ ದಪ್ಪಗೆ "ರದ್ದು, ರದ್ದು, ರದ್ದು" ಎಂದು ಮೂಡುತ್ತದೆ. ನಕಲು ಮಾಡಿದವನು ಅಲ್ಲೇ ಸಿಕ್ಕಿಬಿದ್ದ! ಮಾಮಾನಿಗೆ ಆದ ಆನಂದವನ್ನು ಏನೆಂದು ಹೇಳಲಿ? ಹೆಣ್ಣು ನೋಡಿ ಬಂದ ದಿನವೂ ಅವರು ಅಷ್ಟು ನಕ್ಕಿರಲಿಲ್ಲ ಎಂದು ಅವ್ವ ಹೇಳುತ್ತಾಳೆ.

ಕಿರಾಣಿಯ ಚೀಟಿಯೂ ಆ ಕಾಗದದ ಮೇಲೆಯೇ ಹೋಗತೊಡಗಿತು. ಹೊಸ ಮನೆಯ ಗೃಹಪ್ರವೇಶದ ಆಮಂತ್ರಣವನ್ನೂ ಅದರ ಮೇಲೆಯೇ ಬರೆದರು. ಹಿರೇಕೆರೂರಿನಲ್ಲಿ ನಮ್ಮ ಬಳಗ ದೊಡ್ಡದು. ಅಲ್ಲಿನ ಹಿರಿಯರೊಬ್ಬರಿಗೆ ಒಂದು ಪ್ರತಿ ಕಳಿಸಿ, ಎಲ್ಲರಿಗೂ ಮುಟ್ಟಿಸಿರಿ ಎಂದಿದ್ದರು. ಅವರು ಪಾಪ, ಬುದ್ಧಿವಂತಿಕೆ ಮಾಡಿ ಅದನ್ನು ಝೆರಾಕ್ಸ್ ಮಾಡಿಸಿ, ಪ್ರತಿಗಳನ್ನು ತಿರುಗಿಸಿಯೂ ನೋಡದೆ ಮನೆಮನೆಗೂ ಹಂಚಿದರು. ಗೃಹಪ್ರವೇಶದ ದಿನ ಹಿರೇಕೆರೂರಿನಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಮಾಮಾ ಸಿಟ್ಟಿನಿಂದ ಫೋನು ಮಾಡಿದರೆ, ಆ ಹಿರಿಯರಿಗೆ ಇವರಿಗಿಂತ ಹೆಚ್ಚು ಸಿಟ್ಟು. "ಕಾರ್ಯ ರದ್ದ ಅಂತ ಹತ್ತ ಕಡೆ ಬರದು, ಈಗ ಯಾಕ ಬರಲಿಲ್ಲ ಅಂತ ಕೇಳ್ತೀರೇನ್ರಿ?" ಶಿಗ್ಗಾವಿಯ ಹೊಸ ಮನೆಯ ಓಣಿಯವರು ವಾರವಿಡೀ ಉಳಿದ ಹೋಳಿಗೆ ತಿಂದು ಮಾಮಾನ ಕಾಗದವನ್ನು ಹರಸಿದರು.

ಕಟ್ಟು ಮುಗಿಯಿತು, ಚಟ ಮುಗಿಯಲಿಲ್ಲ. ಮುಂದಿನ ಅನಾಹುತಕ್ಕೆ ಕಾರಣ ನಾನೇ ಎಂದು ಅತ್ತೆ ಇಂದಿಗೂ ದೂರುತ್ತಾರೆ.

ನಾನು ಹಾನಗಲ್ಲಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಆಗ ಸವಣೂರಿನ ನಮ್ಮ ಮನೆಯಿಂದ ಬಸ್ಸು ಬದಲಿಸಿ ಹೋಗಿ ಬರುತ್ತಿದ್ದೆ. ಒಂದು ದಿನ ಯಾವುದೋ ಕೆಲಸಕ್ಕೆ ಹಾನಗಲ್ಲಿಗೆ ಬಂದಿದ್ದ ಮಾಮಾ ನನ್ನನ್ನು ನೋಡಿಕೊಂಡು ಹೋಗಲು ಶಾಲೆಗೆ ಬಂದರು. ಮಕ್ಕಳಿಗೆ ಅರಿಶಿನದ ಕಾಗದದ ಪ್ರಯೋಗ ತೋರಿಸುತ್ತಿದ್ದೆ. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದಕ್ಕೆ ಸಾಬೂನು ನೀರೋ ಸುಣ್ಣವೋ ತಾಗಿದರೆ ಅಲ್ಲಷ್ಟೇ ಕೆಂಪಾಗುತ್ತದೆ. ಮಾಮಾ ಸದ್ದಿಲ್ಲದೆ ಹಿಂದಿನ ಬೆಂಚಿನಲ್ಲಿ ಕೂತು ನೋಡಿದರು. ಆಮೇಲೆ ಕೈ ಎತ್ತಿದರು. ಶಾಯಿ ಅಳಿಸುವ ಔಷಧ ಹಾಕಿದರೂ ಕೆಂಪಾಗುತ್ತದೆಯೇ ಎಂದು ಕೇಳಿದರು. ಅದರಲ್ಲೂ ಕ್ಷಾರ ಇರುತ್ತದೆ, ಆಗಬಹುದು ಎಂದೆ. ಹುಡುಗರೆಲ್ಲ ಕಿಸಿಕಿಸಿ ನಕ್ಕರು. ನನ್ನ ಪಾಠವನ್ನು ಅಷ್ಟು ಗಮನ ಕೊಟ್ಟು ಕೇಳಿದ ವಿದ್ಯಾರ್ಥಿ ಮತ್ತೊಬ್ಬ ನನಗೆ ಸಿಕ್ಕಿಲ್ಲ ಎಂಬುದು ಬೇರೆ ಮಾತು.

ಮರುವಾರ ಶಿಗ್ಗಾವಿಗೆ ಹೋದರೆ ಅಂಗಳದ ತುಂಬ ಹಗ್ಗ, ಹಗ್ಗದ ತುಂಬ ಹಳದಿ ಕಾಗದ! ಮನೆಯಲ್ಲಿ ಮದುವೆಯೇನು ಎಂದು ದಾರಿಹೋಕರು ಕೇಳುತ್ತಿದ್ದರು. ಅತ್ತೆಯ ಅರಿಶಿನದ ಡಬ್ಬಿ ಬರಿದಾಗಿ, ಮನೆಯ ಸಾರು ಕಾಮಾಲೆಗೆ ತದ್ವಿರುದ್ಧದ ರೋಗ ಬಂದಂತೆ ಬೆಳ್ಳಗಾಗಿತ್ತು. ತಿದ್ದಿದ ಕಡೆ ತಾನೇ ಕೆಂಪಾಗುವ ಭದ್ರತಾ ಕಾಗದವನ್ನು ಮನೆಯಲ್ಲೇ ಮಾಡಿದ ಮೊದಲ ಮನುಷ್ಯ ತಾನು ಎಂದು ಮಾಮಾ ಎದೆ ಉಬ್ಬಿಸಿದರು.

ಅದರ ಮೊದಲ ಪರೀಕ್ಷೆ ನಡೆದದ್ದು ನಮ್ಮ ಸವಣೂರಿನಲ್ಲಿ, ಮಾಮಾ ಎಡವಿದ್ದೂ ಅಲ್ಲೇ. ನಮ್ಮ ನೆರೆಯ ಎರಡು ಮನೆಯವರು ನಡುಗೋಡೆಯ ಜಗಳ ಮುಗಿಸಿ, ಒಂದು ಒಪ್ಪಂದ ಬರೆದುಕೊಡಿ ಎಂದು ಮಾಮಾನನ್ನು ಕರೆಸಿದ್ದರು. ಹಳದಿ ಕಾಗದದ ಮೇಲೆ ಚಂದದ ಬರಹ ಆಯಿತು. ಆದರೆ ಸವಣೂರೆಂದರೆ ಎಲೆಬಳ್ಳಿಯ ಊರು. ಅಲ್ಲಿ ಹಿರಿಯರು ಎಲೆ ಅಡಿಕೆ ಹಾಕದೆ ಒಪ್ಪಂದವನ್ನೂ ಮಾಡುವುದಿಲ್ಲ, ಜಗಳವನ್ನೂ ಆಡುವುದಿಲ್ಲ. ಎಲ್ಲರ ಬೆರಳ ತುದಿಯಲ್ಲೂ ಸುಣ್ಣ. ಕಾಗದ ಕೈಯಿಂದ ಕೈಗೆ ಹೋಗಿ ಬರುವಷ್ಟರಲ್ಲಿ ಅದಕ್ಕೆ ದಡಾರ ಎದ್ದ ಹಾಗೆ ಮೈತುಂಬ ಕೆಂಪು ಚುಕ್ಕೆಗಳಾಗಿದ್ದವು. ಆ ಮನೆಯವರು ತಿದ್ದಿದರೆಂದು ಈ ಮನೆಯವರು, ಈ ಮನೆಯವರು ತಿದ್ದಿದರೆಂದು ಆ ಮನೆಯವರು, ಮುಗಿದಿದ್ದ ಜಗಳ ಮತ್ತೆ ಶುರುವಾಯಿತು. ಅವತ್ತು ಕಳಂಕವಿಲ್ಲದೆ ಉಳಿದದ್ದು ನಡುಗೋಡೆಯ ಮೇಲೆ ಮಲಗಿದ್ದ ಬೆಕ್ಕೊಂದೇ.

ಇಂಥ ಮನುಷ್ಯ ನನ್ನ ಮದುವೆಯ ಯಾದಿ ಬರೆಯಲು ಬರುತ್ತಾರೆಂದರೆ ನನಗೆ ನಿದ್ದೆ ಬಂದೀತೇ?

ನಮ್ಮ ಕಡೆ ಯಾದಿ ಇಲ್ಲದೆ ಮದುವೆ ಇಲ್ಲ. ಎರಡೂ ಕಡೆಯ ಹಿರಿಯರು ಕೂತು, ಮದುವೆ ಯಾವ ಊರಲ್ಲಿ, ಬಾಸಿಂಗ ಯಾರು ತರಬೇಕು, ಬೀಗರ ಊಟ ಯಾರದು ಎಂದು ಕಲಮು ಕಲಮಾಗಿ ಬರೆಸುತ್ತಾರೆ. ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಎಲ್ಲರೆದುರು ಓದಿ, ಹಿರಿಯರು ಸಹಿ ಮಾಡುತ್ತಾರೆ. ಆಮೇಲೆ ಅದರಲ್ಲಿದ್ದದ್ದೇ ವೇದ. ಹುಡುಗ ಅಕ್ಕಿಆಲೂರಿನವನು, ಅಕ್ಕಿ ಗಿರಣಿಯ ಮನೆತನ. ನನಗೆ ಮನಸ್ಸಿಗೆ ಬಂದಿದ್ದ. ಅವನ ಊರಿನಿಂದ ಹಾನಗಲ್ ಹತ್ತಿರ, ಆದ್ದರಿಂದ ಮದುವೆಯಾದರೆ ನನ್ನ ಶಾಲೆಗೆ ಹೋಗುವುದು ಇನ್ನೂ ಸಲೀಸು ಎಂದು ನಾನು ಒಳಗೊಳಗೇ ಲೆಕ್ಕ ಹಾಕಿದ್ದೆ. ನೀನು ನೌಕರಿ ಬಿಡುವುದು ಬೇಡ ಎಂದು ಅವನೂ ಫೋನಿನಲ್ಲಿ ಹೇಳಿದ್ದ. ಆದರೆ ಅವರ ಮನೆಯಲ್ಲಿ ಮಾತು ಎಂದರೆ ಅವನ ದೊಡ್ಡಪ್ಪನ ಮಾತು.

ಯಾದಿಯ ದಿನ ನಮ್ಮ ಮನೆಯಲ್ಲಿ ಮಾಮಾ ಹಳದಿ ಕಾಗದ ತೆಗೆದಾಗ ಬೀಗರು ಖುಷಿಪಟ್ಟರು. ನಾಲ್ಕು ಮೂಲೆಗೆ ಹಚ್ಚುವ ಕಡೆ ಇಡೀ ಕಾಗದಕ್ಕೇ ಅರಿಶಿನ ಹಚ್ಚಿದ್ದಾರಲ್ಲ, ಎಂಥ ಶಾಸ್ತ್ರವಂತರು! ಮಾಮಾ ಸುಮ್ಮನಿರುವ ಜಾತಿಯೇ? ತಿದ್ದಿದರೆ ಕೆಂಪಾಗುವ ವಿದ್ಯೆಯನ್ನೆಲ್ಲ ವಿವರಿಸಿ, ದೊಡ್ಡಪ್ಪನವರ ಕೈಯಿಂದಲೇ ಒಂದು ತುಂಡಿಗೆ ಸುಣ್ಣ ಹಚ್ಚಿಸಿ ತೋರಿಸಿದರು. ಒಳಗೆ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತಿದ್ದ ನಾನು ಹಣೆ ಬಡಿದುಕೊಂಡೆ.

ಕಲಮುಗಳೆಲ್ಲ ಸುಸೂತ್ರವಾಗಿ ಮುಗಿದವು. ಕೊನೆಗೆ ದೊಡ್ಡಪ್ಪನವರು ಗಂಟಲು ಸರಿಮಾಡಿಕೊಂಡು, "ಮತ್ತ ಹುಡುಗಿ ನೌಕರಿ ಬಿಡಬೇಕ್ರಿ. ಅದನ್ನೂ ಬರೀರಿ" ಎಂದರು.

ಅಪ್ಪ ಜಮಖಾನೆಯ ಗೆರೆಗಳನ್ನು ನೋಡುತ್ತ ಕೂತ. ಹುಡುಗ ತನ್ನ ಕಾಲಿನ ಹೆಬ್ಬೆರಳು ನೋಡುತ್ತ ಕೂತ. ಅವ್ವ ನನ್ನ ಕೈ ಹಿಡಿದಳು. ಯಾದಿಯ ಮುಂದೆ ಹುಡುಗಿ ಬಾಯಿ ತೆರೆಯುವ ಪದ್ಧತಿಯೇ ಇಲ್ಲವಲ್ಲ. ಮಾಮಾ ಪೆನ್ನಿನ ತುದಿ ಒರೆಸಿಕೊಂಡು ಬರೆದರು: ಹುಡುಗಿಯು ಮದುವೆಯ ನಂತರ ನೌಕರಿ ಬಿಡತಕ್ಕದ್ದು.

ಓದುವುದು, ಸಹಿ ಮಾಡುವುದು ಊಟದ ಮೇಲೆ ಎಂದಾಯಿತು. ಯಾದಿಯನ್ನು ದೇವರ ಜಗಲಿಯ ಮೇಲಿಟ್ಟರು. ಎಲ್ಲರೂ ಹೋಳಿಗೆ ಉಂಡರು, ನಾನೊಬ್ಬಳು ಉಣ್ಣಲಿಲ್ಲ. ಊಟ ಮುಗಿದು ಎಲೆ ಅಡಿಕೆ ಆದ ಮೇಲೆ ಮಾಮಾ ಯಾದಿ ತಂದು ಗಟ್ಟಿಯಾಗಿ ಓದಿದರು. ಕೊನೆಯ ಸಾಲನ್ನೂ ಅದೇ ಧ್ವನಿಯಲ್ಲಿ ಓದಿದರು: "ಹುಡುಗಿಯು ಮದುವೆಯ ನಂತರ ನೌಕರಿ ಮಾಡತಕ್ಕದ್ದು."

ದೊಡ್ಡಪ್ಪನವರು ಕೈ ಚಾಚಿ ಕಾಗದ ಇಸಿದುಕೊಂಡರು. "ಬಿ" ಇದ್ದ ಕಡೆ "ಮಾ" ಕೂತಿತ್ತು. ಅದರ ಸುತ್ತ, ಕಾಸಗಲ, ರಕ್ತದಂಥ ಕೆಂಪು.

"ಇದನ್ನ ತಿದ್ದ್ಯಾರ" ಎಂದರು ಅವರು.

"ಹೌದ್ರಿ, ತಿದ್ದೈತಿ" ಎಂದರು ಮಾಮಾ.

"ಯಾರು?"

"ನಾನ ರೀ."

ತಿದ್ದಿದರೆ ಕೆಂಪಾಗುತ್ತದೆಂದು ಮುಂಜಾನೆ ನೀವೇ ತೋರಿಸಿ, ಈಗ ನೀವೇ ಅದರ ಮೇಲೆ ತಿದ್ದಿದ್ದೀರಲ್ಲ, ಇದೆಂಥ ಹುಚ್ಚು ಎಂದು ದೊಡ್ಡಪ್ಪನವರು ಕೇಳಿದರು. ಮಾಮಾ ತಲೆ ತಗ್ಗಿಸಿ ಹೇಳಿದರು:

"ಬ್ಲೇಡ್‌ಲೆ ಹೆರದೆ ರೀ. ಕೆಂಪ ಆಗಲಿಲ್ಲ. ಯಾರಿಗೂ ಗೊತ್ತಾಗ್ತಿದ್ದಿಲ್ಲ. ಅದಕ್ಕ ನಾನ ಮ್ಯಾಲೆ ಸುಣ್ಣಾ ಹಚ್ಚಿದೆ. ಗೊತ್ತಾಗದಂಗ ತಿದ್ದಿದ್ರ ಅದು ಮೋಸ ಆಗ್ತಿತ್ರಿ. ಬೀಗರ ಮುಂದ ಹೆಣ್ಣಿನ ಕಡ್ಯಾವ್ರಿಗೆ ಬಾಯಿ ಎಲ್ಲಿರತೈತಿ? ಕಾಗದಾದ್ರೂ ಹೇಳಲಿ ಅಂತ ಮಾಡಿದೆ."

ದೊಡ್ಡಪ್ಪನವರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಆಗ ಮೂಲೆಯಿಂದ ಹುಡುಗನ ದನಿ ಬಂತು. ಅವಳು ನೌಕರಿ ಮಾಡುವುದು ತನಗೂ ಇಷ್ಟವೇ ಎಂದ. ದೊಡ್ಡಪ್ಪನವರು ಅವನತ್ತ ತಿರುಗಿ, "ಇದನ್ನ ಮೊದಲ ಹೇಳಾಕ ಏನಾಗಿತ್ತೋ ನಿನಗ? ನನಗೇನ ಹಟ ಐತಿ? ಹಿಂದಿನ ಸೊಸಿ ಯಾದ್ಯಾಗ ಆ ಸಾಲು ಇತ್ತು, ಇದರಾಗೂ ಬರಿಸಿದೆ" ಎಂದರು.

ಕೇಳಿದಿರಾ? ನನ್ನ ಬದುಕಿನ ದಾರಿಗೆ ಅಡ್ಡ ನಿಂತಿದ್ದ ಆ ಸಾಲು ಬರೀ ನಕಲು! ಅದನ್ನು ಹಿಡಿಯುವ ಝೆರಾಕ್ಸ್ ಯಂತ್ರ ಎಲ್ಲಿದೆ?

ತಿದ್ದಿದ ಕಡೆ ಎರಡೂ ಪಕ್ಷದವರು ಸಹಿ ಮಾಡಿದರೆ ಅದು ಮೋಸವಲ್ಲ, ತಿದ್ದುಪಡಿ ಎಂಬುದು ಬಾಂಡು ಬರೆಯುವವರ ರಿವಾಜು. ಕೆಂಪು ಕಲೆಯ ಪಕ್ಕ ದೊಡ್ಡಪ್ಪನವರು ಸಹಿ ಹಾಕಿದರು. ಅಪ್ಪ ಪೆನ್ನಿಗೆ ಕೈ ಚಾಚಿದಾಗ ಮಾಮಾ ಕೊಡಲಿಲ್ಲ. ಒಳಬಾಗಿಲ ಕಡೆ ತಿರುಗಿ, "ಬಾ ಯವ್ವಾ. ಇದು ನಿನ್ನ ಸಾಲು, ನೀನ ಸಹಿ ಮಾಡು" ಎಂದರು. ನಮ್ಮ ಮನೆತನದಲ್ಲಿ ಯಾದಿಗೆ ಹುಡುಗಿ ಸಹಿ ಮಾಡಿದ್ದು ಅದೇ ಮೊದಲು. ನನ್ನ ಅಕ್ಷರ ಡೊಂಕಾಗಿ ಬಂತು.

ಸಂಜೆ ಮಾಮಾನನ್ನು ಶಿಗ್ಗಾವಿಯ ಬಸ್ಸಿಗೆ ಬಿಡಲು ನಾನೇ ಹೋದೆ. ತಡೆಯಲಾರದೆ ಕೇಳಿದೆ, "ಮಾಮಾ, ಅವ್ರು ಸಿಟ್ಟಿಗೆದ್ದು ಹೋಗಿದ್ರ ಏನ ಮಾಡ್ತಿದ್ರಿ?"

"ಹೋದ್ರ ಏನಾತು? ಮಂದಿ, ‘ಮನಿ ಛಲೋ ಐತಿ, ಹುಡುಗಿ ಛಲೋಕಿ, ಅಕಿ ಮಾಮಾ ಒಬ್ಬನ ಖೋಟಾ ಮನಶ್ಯಾ’ ಅಂತಿದ್ರು. ತಪ್ಪು ನನ್ನ ಮ್ಯಾಲೆ ಬರ್ತಿತ್ತು. ನಿನಗ ಬ್ಯಾರೆ ಗಂಡು ಸಿಗ್ತಿತ್ತು ಬಿಡ ಯವ್ವಾ."

ಬಾಂಡು ಬರೆಯುವವನ ಹೆಸರಿಗೆ ಖೋಟಾ ಎಂಬ ಮಾತು ಅಂಟಿದರೆ ಆಮೇಲೆ ಅವನ ಮೇಜಿನ ಮುಂದೆ ಯಾರು ಬಂದು ನಿಲ್ಲುತ್ತಾರೆ? ಅದೆಲ್ಲ ಗೊತ್ತಿದ್ದೇ ಅವರು ಸುಣ್ಣಕ್ಕೆ ಬೆರಳು ಅದ್ದಿದ್ದರು. ನನಗೆ ಅಳು ಬಂತು. ಮಾಮಾನಷ್ಟು ನನ್ನನ್ನು ಪ್ರೀತಿಸಿದವರು ಇನ್ನೊಬ್ಬರಿಲ್ಲ ಎಂದು ಅವತ್ತು ಆ ಬಸ್ ನಿಲ್ದಾಣದಲ್ಲಿ ನನಗೆ ಖಾತ್ರಿಯಾಯಿತು. ಬಸ್ಸು ಬಂದರೂ ನಾನು ಅವರ ಕೈ ಬಿಡಲಿಲ್ಲ. ಹತ್ತುವವರು ಹತ್ತ್ರಿ ಎಂದು ಕಂಡಕ್ಟರ್ ಕೂಗುತ್ತಲೇ ಇದ್ದ.