ದಂತವೈದ್ಯರ ಬೆರಳು, ದೈತ್ಯನ ಬಾಯಿ

"ಎಂತೆಂಥವರ ಬಾಯಿಯನ್ನೇ ಕಟ್ಟಿ ನಿಲ್ಲಿಸಿದವನು ನಾನು! ಈ ಪ್ಲಾಸ್ಟಿಕ್ ರಾಕ್ಷಸನನ್ನ ಕಟ್ಟಿ ನಿಲ್ಲಿಸೋದು ಏನು ಮಹಾ!"

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹರಡುತ್ತ ದಂತವೈದ್ಯರು ಹೀಗೆ ಘೋಷಿಸಿದರು.

"ಊರವರ ಬಾಯಿ ಕಟ್ಟಿದ್ದೀರಿ, ಸರಿ. ನಿಮ್ಮ ಬಾಯಿ ಕಟ್ಟೋರು ಇನ್ನೂ ಹುಟ್ಟಿಲ್ಲ," ಎಂದರು ಹೆಂಡತಿ.

ವಿಷಯ ಇಷ್ಟೇ. ಮಗಳ ದವಡೆ ಹಲ್ಲು ನೋಯುತ್ತಿತ್ತು. ಪಾಪದ ಹುಡುಗಿ ಕೆನ್ನೆ ಹಿಡಿದುಕೊಂಡೇ ಓಡಾಡುತ್ತಿದ್ದಳು. ಆದರೆ ಅಪ್ಪ ಹತ್ತಿರ ಬಂದರೆ ಸಾಕು, ತುಟಿಗೆ ಬೀಗ! ಇಡೀ ಪೇಟೆಯ ಬಾಯಿ ತೆರೆಸುವ ಮಹಾನುಭಾವರಿಗೆ ಸ್ವಂತ ಮಗಳ ಬಾಯಿ ತೆರೆಸಲಾಗಲಿಲ್ಲ. ಅವಳು ಕೆನ್ನೆ ಮುಟ್ಟಿಕೊಂಡಾಗಲೆಲ್ಲ ಅವರ ಕರುಳು ಚುರ್ ಎನ್ನುತ್ತಿತ್ತು. ಕೊನೆಗೆ ಅವಳೇ ಒಂದು ಷರತ್ತು ಹಾಕಿದ್ದಳು.

"ನಿಮಗಿಂತ ಭಯಂಕರವಾದದ್ದು ಈ ಮನೇಲಿ ಏನಾದ್ರೂ ಇದ್ರೆ ನಿಮ್ಮನ್ನ ಕಂಡ್ರೆ ನನಗಾಗೋ ಭಯ ಹೋಗುತ್ತೆ ಅಪ್ಪ. ಆಗ ಬಾಯಿ ತೆಗೀತೀನಿ."

ತಗೋ! ವೈದ್ಯರು ಅಂಗಡಿಗೆ ಓಡಿದರು. ಸಿನಿಮಾದಲ್ಲಿ ಕಡಲಿಂದೆದ್ದು ಬಂದು ಸೇತುವೆ ಮುರಿಯುವ ದೈತ್ಯನೊಬ್ಬನನ್ನು ಬಿಡಿಭಾಗಗಳ ಪೆಟ್ಟಿಗೆಯಲ್ಲಿ ಹೊತ್ತು ತಂದರು.

ಬಾಲ ಕೂತಿತು, ಬೆನ್ನಿನ ಮುಳ್ಳು ಕೂತವು. ಮೈಗೆ ಪಾಚಿ ಬಣ್ಣ ಬಳಿದಾಗ ಹೆಂಡತಿಯೂ ಒಮ್ಮೆ ಬೆಚ್ಚಿದರು. ಎಲ್ಲ ಸುಸೂತ್ರ. ಆಮೇಲೆ ಬಂತು ದವಡೆ.

"ಛೆ ಛೆ ಛೆ! ಮೇಲಿನ ಸಾಲು ಕೆಳಗಿನ ಸಾಲಿಗೆ ಕೂರ್ತಾನೇ ಇಲ್ಲ. ಈ ಪ್ರಾಣಿ ಊಟ ಹೇಗೆ ಮಾಡ್ತಿತ್ತೋ!"

"ಅದು ಊಟ ಮಾಡೋ ಪ್ರಾಣಿ ಅಲ್ಲ ರೀ, ಊರು ನುಂಗೋದು."

"ನುಂಗೋಕೆ ಮುಂಚೆ ಅಗೀಬೇಡ್ವೇನೇ?"

ವೃತ್ತಿ ಸುಮ್ಮನೆ ಬಿಡುತ್ತದೆಯೇ? ವೈದ್ಯರು ಕೋರೆಗಳನ್ನು ಉಜ್ಜಿ ಸಾಲಿಗೆ ತಂದರು, ಹೊಳೆಯುವ ಬಿಳಿ ಬಳಿದರು. ಪೆಟ್ಟಿಗೆಯ ಚಿತ್ರದಲ್ಲಿ ಬಾಯಿಂದ ರಕ್ತ ಸುರಿಯುತ್ತಿತ್ತು. "ವಸಡಲ್ಲಿ ರಕ್ತ ಬಂದ್ರೆ ಅದು ಕಾಯಿಲೆ," ಎಂದು ಆರೋಗ್ಯವಂತ ಗುಲಾಬಿ ಬಣ್ಣ ಹಚ್ಚಿದರು. ಊರು ನುಂಗುವ ದೈತ್ಯ ಈಗ ಮದುವೆ ಮನೆಯ ಬಾಗಿಲಲ್ಲಿ ನಿಂತು ಅತಿಥಿಗಳನ್ನು ಬರಮಾಡಿಕೊಳ್ಳುವಂತಿದ್ದ.

ಮಗಳು ಬಂದು ಸುತ್ತ ತಿರುಗಿ ನೋಡಿದಳು. "ಅಪ್ಪ, ಇದು ನಗ್ತಾ ಇದೆ."

ಕೆನ್ನೆ ಹಿಡಿದುಕೊಂಡು ಹೊರಟೇಬಿಟ್ಟಳು. ವೈದ್ಯರ ಮುಖ ಇಷ್ಟು ಚಿಕ್ಕದಾಯಿತು.

ಆದರೂ ಸೋಲೊಪ್ಪುವ ಜೀವವೇ ಅದು? ಬಾಯಿ ಅಗಲ ಮಾಡಿದರೆ ಭಯ ತಾನಾಗಿ ಬರುತ್ತದೆಂದು ದವಡೆ ಬಿಚ್ಚಿದರು. ಅಂಟು ಮುಗಿದಿತ್ತು. ಮನೆಯ ಮುಂಭಾಗದಲ್ಲೇ ಇದ್ದ ಕ್ಲಿನಿಕ್ಕಿನಿಂದ ಹಲ್ಲಿಗೆ ತುಂಬುವ ಸಿಮೆಂಟು ತಂದು ಮೆತ್ತಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಗಟ್ಟಿಯಾಗುವ ಸರಕು! ಆ ಹೊತ್ತಿಗೇ ಅವರ ಕೈ ತನ್ನ ಚಾಳಿ ತೋರಿಸಿತು. ತೆರೆದ ಬಾಯಿ ಕಂಡರೆ ಬೆರಳು ಒಳಗೆ ಹೋಗಿ ತಡವಲೇಬೇಕು. ಬೆರಳು ಹೋಯಿತು, ದವಡೆ ಜಾರಿತು, ಸಿಮೆಂಟು ಕಚ್ಚಿಕೊಂಡಿತು.

"ಅಯ್ಯಯ್ಯೋ! ಸತ್ತೆ!"

ಎದುರುಮನೆಯ ದರ್ಜಿ ಕಿಟಕಿಯಿಂದ ಇಣುಕಿದ. "ಏನ್ ಡಾಕ್ಟ್ರೇ, ಭಾನುವಾರನೂ ಹಲ್ಲು ಕೀಳ್ತೀರಾ?"

"ಇವತ್ತು ಕೂಗಿದ್ದು ಡಾಕ್ಟ್ರೇ!" ಎಂದು ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಓಡಿಬಂದ ಮಗಳು ಮಾತ್ರ ನಗಲಿಲ್ಲ. ಅಪ್ಪನನ್ನು ಕ್ಲಿನಿಕ್ಕಿಗೆ ಕರೆದೊಯ್ದು ರೋಗಿಯ ಕುರ್ಚಿಯಲ್ಲಿ ಕೂರಿಸಿದಳು. ದೀಪ ಹಾಕಿದಳು. ಇಕ್ಕಳ ಹಿಡಿದಳು.

"ಅಲುಗಾಡಬೇಡಿ. ಸ್ವಲ್ಪವೂ ನೋವಾಗಲ್ಲ."

"ಆಗುತ್ತೆ ಕಣೇ!"

"ಇರುವೆ ಕಚ್ಚಿದ ಹಾಗೆ, ಅಷ್ಟೇ."

ಅವೆಲ್ಲ ವೈದ್ಯರದೇ ಮಾತುಗಳು! ಆ ದೀಪವನ್ನು ಅವರು ಕೆಳಗಿನಿಂದ ನೋಡಿದ್ದು ಅದೇ ಮೊದಲು. ಇಷ್ಟು ವರ್ಷ ತಾವು ಆಡುತ್ತ ಬಂದದ್ದು ಎಂಥ ಹಸಿ ಸುಳ್ಳು ಎಂಬುದು ಅಲ್ಲಿ ಕೂತಾಗ ತಿಳಿಯಿತು. ಕಣ್ಣು ಬಿಗಿಯಾಗಿ ಮುಚ್ಚಿದರು.

ಟಕ್! ಬೆರಳು ಹೊರಬಂತು. ಜೊತೆಗೆ ದೈತ್ಯನ ಮುಂದಿನ ಹಲ್ಲುಗಳೂ ಉದುರಿದವು.

"ನೀವೇ ಹೆದರಿಬಿಟ್ರಿ! ಅಂದ್ರೆ ಇದು ನಿಮಗಿಂತ ಭಯಂಕರ. ಗೆದ್ರಿ ಅಪ್ಪ!" ಎಂದವಳೇ ಅವರನ್ನು ಕುರ್ಚಿಯಿಂದ ಎಬ್ಬಿಸಿ ತಾನು ಹತ್ತಿ ಕೂತಳು. ಬಾಯಿ ತೆರೆದಳು.

"ಸ್ವಲ್ಪವೂ..." ಎಂದು ಶುರುಮಾಡಿದ ವೈದ್ಯರು ತಡೆದರು. "ನೋವಾಗುತ್ತೆ ಮಗಳೇ, ಸ್ವಲ್ಪ. ನೀನು ಕೈ ಎತ್ತಿದ ತಕ್ಷಣ ನಿಲ್ಲಿಸ್ತೀನಿ."

ಅವಳು ಕೈ ಎತ್ತಿದಳು. ಅವರು ನಿಲ್ಲಿಸಿದರು. ಅವಳು ಮತ್ತೆ ಬಾಯಿ ತೆರೆದಳು. ಮಧ್ಯಾಹ್ನದ ಊಟವನ್ನು ಎರಡೂ ಕಡೆಯಿಂದ ಅಗಿದು ತಿಂದಳು. ಅದನ್ನು ನೋಡುತ್ತ ವೈದ್ಯರು ತಮ್ಮ ಊಟವನ್ನೇ ಮರೆತರು.

ಮರುದಿನ ಬೊಕ್ಕುಬಾಯಿಯ ದೈತ್ಯ ಕ್ಲಿನಿಕ್ಕಿನ ಮೇಜಿನ ಮೇಲೆ ನಿಂತಿದ್ದ. ಹಲ್ಲುನೋವು ತೋರಿಸುವುದನ್ನು ಎಂದಿನಿಂದಲೋ ಮುಂದೂಡುತ್ತಿದ್ದ ದರ್ಜಿ ಕೊನೆಗೂ ಧೈರ್ಯ ಮಾಡಿ ಬಂದ. ದೈತ್ಯನನ್ನು ನೋಡಿದ, ವೈದ್ಯರ ಬೆರಳಿನ ಪಟ್ಟಿ ನೋಡಿದ.

"ಇವನ ಹಲ್ಲು ಕಿತ್ತಿದ್ದು ನೀವಾ ಡಾಕ್ಟ್ರೇ?"

"ಅಲ್ಲಪ್ಪ," ವೈದ್ಯರು ಹೆಮ್ಮೆಯಿಂದ ಬೀಗಿದರು, "ನನ್ನ ಮಗಳು!"

ಬಾಯಿ ತೆರೆಯಲು ಹೊರಟಿದ್ದ ದರ್ಜಿ ಅದನ್ನು ಮುಚ್ಚಿ, ಕಾಯುವವರ ಬೆಂಚಿಗೆ ಹಿಂತಿರುಗಿ ಆರಾಮಾಗಿ ಕೂತ.

"ಹಾಗಾದ್ರೆ ಅವರೇ ನೋಡ್ಲಿ ಡಾಕ್ಟ್ರೇ. ಸ್ಕೂಲ್ ಬಿಡೋವರೆಗೂ ಕಾಯ್ತೀನಿ!"