ಇಂಗ್ಲಿಷ್ ಬಿಡಿಸುವ ಮಾವ

ನನ್ನ ಸೋದರಮಾವನ ಎದುರು ಉದ್ದನೆಯ ಇಂಗ್ಲಿಷ್ ಪದವೊಂದನ್ನು ಆಡಿ, ಅದನ್ನು ಇಡಿಯಾಗಿ ಮನೆಗೆ ಕೊಂಡೊಯ್ದವರು ಹಿಂದೂಪುರದಲ್ಲಿ ಯಾರೂ ಇಲ್ಲ. ಹುಣಸೆಹಣ್ಣಿನ ವ್ಯಾಪಾರಿ ನೋಡಿ! ಸಿಪ್ಪೆ, ನಾರು, ಬೀಜ ಬೇರೆ ಮಾಡದೆ ಬಿಡುವವರಲ್ಲ. ಪದದ ಮುಂದಿನ ತುಣುಕು ಸಿಪ್ಪೆ, ಹಿಂದಿನದು ನಾರು, ನಡುವೆ ಹಣ್ಣು. ಒತ್ತು ಬೀಳುವ ಕಡೆ ಮೇಜಿಗೊಂದು ಗುದ್ದು.

ಒಮ್ಮೆ ಮಂಡಿಗೆ ಬಂದ ಲಾರಿ ಡ್ರೈವರ್, "ಟ್ರಾನ್ಸ್‌ಪೋರ್ಟೇಶನ್ ಲೇಟಾಯ್ತದೆ ಸಾರ್" ಎಂದುಬಿಟ್ಟ. ಅವನಿಗೇನು ಗೊತ್ತು ಪಾಪ?

"ನಿಂತ್ಕೊಳಪ್ಪಾ. ಟ್ರಾನ್ಸ್ ಅಂದ್ರೆ ಆಚೀಗೆ, ಪೋರ್ಟ್ ಅಂದ್ರೆ ಹೊರಾದು. ಟ್ರಾನ್ಸ್-ಪೋರ್-ಟೇ-ಶನ್. ಪೆಟ್ಟು 'ಟೇ' ಮ್ಯಾಲೆ." ಗುದ್ದಿಗೆ ಟೀ ಲೋಟ ಉರುಳಿತು.

"ಅದೆಲ್ಲ ಸರೇ ಅಣ್ಣಾ, ಲೋಡು ಎಪ್ಪುಡು, ಯಾವಾಗ ಎತ್ತಾದು?" ಎಂದ ಅವನು, ಪಂಚೆ ಒರೆಸಿಕೊಳ್ಳುತ್ತ.

ಹೋದ ವರ್ಷ ನಮ್ಮೂರು ಕಲ್ಯಾಣದುರ್ಗದಲ್ಲಿ ನನ್ನ ಅಮ್ಮನಿಗೆ ಲಕ್ವ ಹೊಡೆದು ಮಾತೇ ನಿಂತುಹೋಯಿತು. ಮಾವನಿಗೆ ಅವಳೊಬ್ಬಳೇ ಅಕ್ಕ. ಆಸ್ಪತ್ರೆಯ ಡಾಕ್ಟರು, "ಇನ್ನು ರಿಹ್ಯಾಬಿಲಿಟೇಶನ್ ಆಗಬೇಕು" ಎಂದಾಗ, ಮುಗಿಯಿತು ಈ ಡಾಕ್ಟರ ಕಥೆ ಎಂದುಕೊಂಡೆ. ಮಾವ ಮೇಜು ಗುದ್ದಲಿಲ್ಲ. "ರಿ ಅಂದ್ರೆ ಮತ್ತೆ ಅಂತ, ಡಾಕ್ಟ್ರೇ. ನಮ್ಮಕ್ಕ ಮತ್ತೆ ಮಾತಾಡ್ತಾಳೆ ಅಂತ ತಾನೆ?" ಎಂದರು ಮೆಲ್ಲಗೆ. ಡಾಕ್ಟರು ಪ್ರಯತ್ನ ಮಾಡಿ ನೋಡೋಣ ಎಂದರು.

ಅಂದಿನಿಂದ ಪ್ರತಿ ಭಾನುವಾರ ಹಿಂದೂಪುರದ ಬಸ್ಸಿಳಿದು ಮಾವ ನಮ್ಮ ಮನೆಯಲ್ಲಿ ಹಾಜರು. ಅಮ್ಮನ ಅಂಗೈ ಮೇಲೆ ತಟ್ಟುತ್ತ "ನೀ-ರು", "ಕಾ-ಪಿ" ಹೇಳಿಕೊಡುವುದು. ಅಮ್ಮ ಬಾಯಿ ತೆರೆಯುವಳು, ಬರೀ ಗಾಳಿ ಹೊರಡುವುದು. ಇಷ್ಟಾದರೂ ಇವರ ಚಟ ಬಿಟ್ಟೀತೇ? ಒಂದು ಭಾನುವಾರ ನೇರ ರಿಹ್ಯಾಬಿಲಿಟೇಶನ್‌ಗೇ ಕೈಹಾಕಿದರು.

"ಮಾವಾ, ಬಾಯಿ ನೆಟ್ಟಗಿದ್ದಾಗಲೇ ಅಮ್ಮ ಇದನ್ನ ಆಡಿದವಳಲ್ಲ" ಎಂದೆ.

"ನೀನ್ ಅಂಗನ್ಬ್ಯಾಡ ಕಣಪ್ಪಾ. ತುಂಡು ಮಾಡುದ್ರೆ ಎಲ್ಲಾ ಬತ್ತದೆ. ಅಕ್ಕಾ, ರೀ-ಹ್ಯಾ-ಬಿ-ಲಿ-ಟೇ..." 'ಟೇ'ಗೆ ಮಂಚ ಅದುರುವಂತೆ ಗುದ್ದಿದರು.

ಅಮ್ಮನ ಹುಬ್ಬು ಗಂಟಿಕ್ಕಿತು. ತುಟಿ ಒದ್ದಾಡಿತು. ಮೊದಲು ಒಂದು ತುಣುಕು ಬಂತು, ಆಮೇಲೆ ಇನ್ನೊಂದು.

"ಸುಮ್... ಕಿರ್... ಲಾ."

ನನ್ನ ಕಣ್ಣು ತುಂಬಿಬಂತು. ಪೆಟ್ಟು ಎಲ್ಲಿ ಬಿತ್ತೆಂದು ಮಾವ ಹೇಳಲಿಲ್ಲ. ಅಕ್ಕನ ಮಡಿಲಲ್ಲಿ ಮುಖವಿಟ್ಟು ಮಗುವಿನ ಹಾಗೆ ಅತ್ತರು.

"ಸುಮ್ಕಿದ್ದೀನಿ ಕಣಕ್ಕಾ," ಎಂದರು, "ಇನ್ನೊಂದು ಕಿತ ಅನ್ನು."